ನೀರು ಬಿದ್ದೈತಿ ಅಂದ್ಬಿಟ್ನಿ

ಬಳ್ಳಾರಿ ಬ್ರೂಸ್‌ಪೇಟ್ಯಾಗ ನನ್ನ ಕೀ ಮಾಡೋ ಡಬ್ಬಿ ಅಂಗಡಿ ಐತಿ. ನಾ ಓದಿದ್ದು ಏಳನೇತ್ತ. ಬರದು ರೂಢಿ ಇಲ್ಲ. ಆದ್ರ ಇದನ್ನ ಬರಿಬೇಕು. ನಾ ಆಡಿದ ಒಂದು ಮಾತಿಗೆ ಒಬ್ಬನ ಕೆಲಸ ಹೋತು.

ಒಂದಿನ ಮಧ್ಯಾಹ್ನ ಸಿರುಗುಪ್ಪದಿಂದ ಒಬ್ಬ ಡ್ರೈವರ್ ಫೋನ್ ಮಾಡಿದ. ಅಕ್ಕಿ ಮಿಲ್ಲಿನ ಸಾವ್ಕಾರ್ರ ಕಾರು ಓಡಸ್ತಾನ. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡಾವ.

"ತಮ್ಮಾ, ಕಾರಿನ ರಿಮೋಟ್ ಕೆಲಸ ಮಾಡವಲ್ದು. ಒತ್ತಿದ್ರ ಬಾಗ್ಲ ತೆಗಿಯವಲ್ದು."

"ಸೆಲ್ ಹಾಕ್ಸಿದ್ರೇನು?"

"ನಿನ್ನೇನ ಹಾಕ್ಸೀನಿ. ಹೊಸಾದು."

"ಗಾಡಿ ಚಾಲೂ ಆಕ್ಕೈತೋ?"

"ಎಲ್ಲಿ ಆಕ್ಕೈತಿ? 'ಕೀ ಇಲ್ಲ' ಅಂತ ಬರ್ತೈತಿ ಎದುರಿಗೆ. ಕೈಯಾಗ ಹಿಡ್ಕಂಡು ಕುಂತೀನಿ, ಇಲ್ಲ ಅಂತೈತಿ. ನನಗನ ಸುಳ್ಳ ಮಾಡ್ತೈತಿ ನೋಡು."

"ಆ ರಿಮೋಟನ್ನ ಸ್ಟಾರ್ಟ್ ಮಾಡೋ ಗುಂಡಿಗೆ ತಾಗಿಸಿ ಹಿಡೀರಿ. ಹಿಡ್ಕಂಡ ಒತ್ರಿ."

ಒತ್ತಿದ. ಗಾಡಿ ಎದ್ದಿದ್ದು ಫೋನಿನಾಗ ಕೇಳ್ತು. ಸೆಲ್ ಸತ್ರೂ ಇದು ನಡೀತೈತಿ. ಒಳಗ ಒಂದು ಚಿಪ್ ಇರ್ತೈತಿ, ಅದಕ್ಕ ಸೆಲ್ ಬೇಕಿಲ್ಲ, ಗುಂಡಿ ಹತ್ರ ತಂದ್ರ ಗಾಡೀನ ಅದಕ್ಕ ಜೀವ ಕೊಡ್ತೈತಿ. ಬಾಳ ಮಂದಿಗೆ ಗೊತ್ತಿಲ್ಲ.

ಸಂಜಿಕ ಸಾವ್ಕಾರ್ರನ್ನ ಕೂರಿಸ್ಕಂಡು ನನ್ನ ಅಂಗಡಿಗೇ ಬಂದ. ರಿಮೋಟಿನ ಮೇಲಿನ ಮುಚ್ಚಳ ತೆಗದ್ನಿ. ಸೆಲ್ ತಪ್ಪು ಹಾಕಿದ್ರು. ಅದಕ್ಕ 2032 ಬೇಕು, ಗಡಿಯಾರದ ಅಂಗಡ್ಯಾಂವ 2025 ಹಾಕಿದ್ದ. ಅಗಲ ಎಲ್ಡೂ ಒಂದ, ಎರಡ್ನೇದು ತೆಳ್ಳಗ. ತಾಗ್ಲಿ ಅಂತ ಸ್ಪ್ರಿಂಗ್ ಪಟ್ಟಿ ಎಬ್ಬಿಸಿ ಬಗ್ಗಿಸಿದ್ದ. ಪಟ್ಟಿ ಸೀದಾ ಮಾಡಿ ಸರಿಯಾದ ಸೆಲ್ ಹಾಕಿದ್ನಿ. ನನ್ನ ಹತ್ರ ಸಣ್ಣ ಟೆಸ್ಟರ್ ಐತಿ, ರಿಮೋಟ್ ಸಿಗ್ನಲ್ ಬಿಟ್ರ ಕೆಂಪು ದೀಪ ಹತ್ತತೈತಿ. ಹತ್ತಿತು. ಕಾರು ಕುಂಯ್ ಅಂತು.

"ಅಷ್ಟನಾ?" ಅಂದ್ರು ಸಾವ್ಕಾರ್ರು.

"ಅಷ್ಟ ರಿ."

ಆ "ಅಷ್ಟ" ಅನ್ನಾಗ ನನಗ ಸೊಕ್ಕಿತ್ತು. ಸೆಲ್ಲಿನ ಕೆಳಾಗ ಬೋರ್ಡ್ ಇರ್ತೈತಿ. ಅದನ್ನ ಎತ್ತಿ ನೋಡ್ಬೇಕಿತ್ತು, ನೋಡ್ಲಿಲ್ಲ. ದೀಪ ಹತ್ತಿತಲ್ಲ, ಮತ್ಯಾಕ ಅಂತ.

ಮುಂದಿನ ಸೋಮವಾರ ಅದೇ ಡ್ರೈವರ್ ಮತ್ತ ಫೋನ್. ಹಿಂದ ಹಾರನ್ ಬಡ್ಕಳ್ಳಾಕತ್ತಿತ್ತು, ನಿಂದರವಲ್ದು.

"ತಮ್ಮಾ, ಕುರುಗೋಡಿನಾಗ ಅದೀನಿ. ಸಾವ್ಕಾರ್ರ ಅವ್ವಾರನ್ನ ದೊಡ್ಡಬಸಪ್ಪನ ಗುಡಿಗೆ ಕರ್ಕಂಡು ಬಂದಿದ್ನಿ. ಕೈ ಮುಗುದು ಬಂದ್ರ ಕಾರ್ ತೆಗಿಯವಲ್ದು. ರಿಮೋಟಿನ ಒಳಗಿನ ಕಬ್ಬಿಣದ ಕೀ ಹಾಕಿ ಬಾಗ್ಲ ತೆಗದ್ನಿ, ಹಿಂಗ ಒದರಾಕತ್ತೈತಿ. ಮಂದಿ ನನ್ನನ್ನ ಕಳ್ಳನ್ನ ನೋಡ್ದಂಗ ನೋಡಾಕತ್ತಾರ."

"ಗುಂಡಿಗೆ ತಾಗ್ಸಿ ನೋಡು ಅಣ್ಣಾ."

"ನೋಡಿದ್ನಿ. ಅದಕ್ಕೂ ಏಳವಲ್ದು."

ಗುಂಡಿಗೆ ತಾಗ್ಸಿದ್ರೂ ಏಳವಲ್ದು. ಅಂದ್ರ ಸೆಲ್ಲಿನ ಮಾತಲ್ಲ ಇದು.

"ಬಾನೆಟ್ ಎತ್ತಿ ಬ್ಯಾಟರಿ ವಾಯರ್ ತೆಗಿ, ಹಾರನ್ ನಿಲ್ತೈತಿ. ಬಂದ್ನಿ."

ಚೀಲದಾಗ ಮೀಟರು, ಟೆಸ್ಟರು, ಗ್ಯಾಸಿನ ಸೋಲ್ಡರಿಂಗ್ ಕಡ್ಡಿ, ಸ್ಪಿರಿಟ್ಟು, ಹಳೇ ಹಲ್ಲುಜ್ಜೋ ಬ್ರಷ್ಷು, ಭೂತಗನ್ನಡಿ ಹಾಕ್ಕಂಡು ಬೈಕ್ ಹತ್ತಿದ್ನಿ. ಹೋಗಾಕ ಮುಕ್ಕಾಲು ತಾಸು ಹಿಡೀತು. ಬಿಸ್ಲು ನೆತ್ತಿ ಸುಡಾಕತ್ತಿತ್ತು.

ಗುಡಿ ಮುಂದಿನ ಕಟ್ಟಿ ಮ್ಯಾಲ ಸಾವ್ಕಾರ್ರ ತಾಯಿ ಕುಂತಿದ್ರು. ಎಂಬತ್ತರ ಹತ್ರ ವಯಸ್ಸು, ಹಣಿತುಂಬ ಇಬೂತಿ, ಕೈಯಾಗ ಪ್ರಸಾದದ ಚೀಲ. ಸಾವ್ಕಾರ್ರೂ ಮಿಲ್ಲಿನ ಗೂಡ್ಸ್ ಗಾಡಿ ಮಾಡ್ಕಂಡು ಬಂದು ನಿಂತಿದ್ರು. ಮಾರಿ ಕೆಂಪಾಗಿತ್ತು.

"ಅಷ್ಟ ರಿ ಅಂದಿದ್ದೆಲ್ಲಪ್ಪಾ?" ಅಂದ್ರು.

ನಾ ಬಾನೆಟ್ ಕಡಿ ಹೋದ್ನಿ. ಗಾಡಿ ಬ್ಯಾಟರಿ ಮೀಟರಿಗೆ ಹಚ್ಚಿದ್ನಿ, ಹನ್ನೆರಡೂವರಿ ವೋಲ್ಟ್, ಚಲೋ ಐತಿ. ರಿಮೋಟಿನ ಸೆಲ್ ನಾ ಹಾಕಿದ್ದ, ಮೂರು ವೋಲ್ಟ್ ಮ್ಯಾಲೇನ ಐತಿ. ಟೆಸ್ಟರ್ ಹಿಡದು ಒತ್ತಿದ್ನಿ, ದೀಪ ಇಲ್ಲ. ಹತ್ರ ಏನರ ಟವರ್ ತಡಿಯಾಕತ್ತೈತೇನೋ ಅಂತ ಆ ಕಡಿ ಗೋಡಿತನ ಹೋಗಿ ಒತ್ತಿದ್ನಿ, ಅಲ್ಲೂ ಇಲ್ಲ. ಕಾರಿನ ತಪ್ಪಲ್ಲ, ರಿಮೋಟಂದ.

ಬೇವಿನ ಗಿಡದ ನೆಳ್ಳಿಗೆ ಕುಂತು ಈ ಸಲ ಬೋರ್ಡ್ ಪೂರಾ ಹೊರಗ ತೆಗದ್ನಿ. ಭೂತಗನ್ನಡಿ ಹಿಡದ್ರ ಕೆಳಗಡಿ ಹಸ್ರು ಬಿಳುಪು ಕಿಲುಬು ಹಿಡದೈತಿ. ಸಿಗ್ನಲ್ ಹುಟ್ಸೋ ಸಣ್ಣ ಕ್ರಿಸ್ಟಲ್ ಸುತ್ತೂ ಕಿಲುಬು. ಚಿಪ್ಪಿಗೆ ಜೀವ ಕೊಡೋ ಸುರುಳಿ ಇರ್ತೈತಲ್ಲ, ಅದರ ಒಂದು ಕಾಲು ತಿಂದುಹೋಗಿ ಅಲುಗಾಡಾಕತ್ತಿತ್ತು. ಅದಕ್ಕ ಒಮ್ಮೆ ನಡದು ಒಮ್ಮೆ ನಿಂತಿದ್ದು. ಬೆರಳಿಗೆ ಜಿಗಿ ಜಿಗಿ ಅಂಟ್ತು. ಅದನ್ನ ಬೆರಳು ಹೇಳ್ತು, ತಲಿ ಕೇಳ್ಲಿಲ್ಲ.

"ಏನಾಗೈತಿ?" ಸಾವ್ಕಾರ್ರು ಮ್ಯಾಲ ಬಗ್ಗಿದ್ರು.

"ನೀರು ಬಿದ್ದೈತ್ರಿ," ಅಂದ್ನಿ.

ಅಷ್ಟ ಮಾತು. ಬಿಸ್ಲು ಬ್ಯಾರೆ, "ಅಷ್ಟ ರಿ" ಅಂತ ಚುಚ್ಚಿದ್ರು ಬ್ಯಾರೆ. ತಪ್ಪು ನನ್ನದಲ್ಲ ಅಂತ ತೋರ್ಸೋ ಅವಸರ ನನಗ.

ಸಾವ್ಕಾರ್ರು ತಿರುಗಿ ಡ್ರೈವರ್ ಕಡಿ ನೋಡಿದ್ರು. "ಏನಲೇ?"

"ನಾ ನೀರಾಗ ಬೀಳ್ಸಿಲ್ರಿ."

"ಮತ್ತ ಯಾರು ಬೀಳ್ಸಿದ್ರು? ಕೀ ನಿನ್ನ ಕಿಸೇದಾಗಲ್ಲೇನು ಇರೋದು? ಕಾಲುವಿಗೆ ಗಾಡಿ ತೊಳ್ಯಾಕ ಹೊಕ್ಕಿ. ಟವಲ್ ಸುತ್ತಿ ನೀರಿಗೆ ಇಳಿತಿ. ನಾ ನೋಡಿಲ್ಲೇನು?"

"ಇಳಿಯೋ ಮುಂದ ಕೀ ತಗದು ದಂಡಿಮ್ಯಾಲ ಇಡ್ತೀನ್ರಿ. ಆಣಿ ಮಾಡ್ತೀನ್ರಿ, ದ್ಯಾವ್ರ ಮುಂದ ನಿಂತೀನಿ."

"ಅವನ ಹೇಳಾಕತ್ತಾನಲ್ಲ, ರಿಪೇರಿ ಮಾಡಾಂವ! ಅವಗೇನು ನಿನ್ನ ಮ್ಯಾಲ ಸಿಟ್ಟೈತೇನು?"

ಎಲ್ರೂ ನನ್ನ ನೋಡಿದ್ರು. ನಾ ಬ್ರಷ್ಷಿಗೆ ಸ್ಪಿರಿಟ್ ಹಾಕ್ಕಂಡು ತಿಕ್ಕಾಕತ್ತಿದ್ನಿ. ತಲಿ ಎತ್ಲಿಲ್ಲ. ಸುರುಳಿ ಕಾಲು ಬಿಸಿ ಮಾಡಿ ಕೂರ್ಸಿದ್ನಿ, ಬ್ಯಾಟರಿ ವಾಯರ್ ಹಾಕಿ ಗುಂಡಿಗೆ ತಾಗ್ಸಿದ್ರ ಗಾಡಿ ಎದ್ತು. "ಮನಿ ಮುಟ್ಟೋತನ ಬಂದ್ ಮಾಡಬ್ಯಾಡ್ರಿ. ನಾಳೆ ಈ ಕೀ, ಸ್ಪೇರ್ ಕೀ ಎಲ್ಡೂ ಬಸ್ಸಿಗೆ ಕಳಸ್ರಿ," ಅಂದ್ನಿ.

"ಸ್ಪೇರೂ ಕೆಲಸ ಮಾಡವಲ್ದು. ಅದಕ್ಕ ಸೆಲ್ ಹಾಕೇ ಇಲ್ಲ," ಅಂದ್ರು ಸಾವ್ಕಾರ್ರು. ಅವ್ವಾರನ್ನ ಕೂರ್ಸಿದ್ರು, ಸ್ಟೇರಿಂಗ್ ತಾವ ಹಿಡುದ್ರು. ಗ್ಲಾಸ್ ಇಳ್ಸಿ ಡ್ರೈವರಿಗೆ, "ನಾಳಿಂದ ಬರಬ್ಯಾಡ. ತಪ್ಪು ಮಾಡಿದ್ರ ಹೋಗ್ಲಿ ಅನಬೌದಿತ್ತು, ದ್ಯಾವ್ರ ಮುಂದ ನಿಂತು ಸುಳ್ಳ ಹೇಳ್ತಿ. ವಾರದಾಗ ಮನಿ ಖಾಲಿ ಮಾಡು," ಅಂದು ಹೋದ್ರು. ಗೂಡ್ಸ್ ಗಾಡೀನೂ ಹೋತು.

ಅವನ ಮನಿ ಅಂದ್ರ ಮಿಲ್ಲಿನ ಕಾಂಪೌಂಡಿನಾಗಿನ ಒಂದು ಖೋಲಿ. ಹೆಂಡ್ತಿ ಅಲ್ಲೇ ಬತ್ತ ಒಣಗಿಸೋ ಕೆಲಸಕ್ಕ ಹೊಕ್ಕಾಳ. ಕೆಲಸ ಹೋದ್ರ ಸೂರೂ ಹೋತು.

ನಾನ ಬೈಕ್ ಮ್ಯಾಲ ಕುರುಗೋಡ್ ಬಸ್‌ಸ್ಟ್ಯಾಂಡಿಗೆ ಬಿಟ್ನಿ. ಇಳಿದು ನಿಂತು ಅಂದ, "ತಮ್ಮಾ, ನಾ ಖರೇವ ಬೀಳ್ಸಿಲ್ಲ."

"ಬಿದ್ದಿದ್ರ ಬಿದ್ದೈತಿ ಅಂದ್ಬಿಡಬೇಕಿತ್ತಣ್ಣಾ. ಅಷ್ಟಕ್ಕ ಮುಗೀತಿತ್ತು," ಅಂದ್ನಿ ನಾ.

ಅಂವ ನನ್ನ ಮಾರಿ ನೋಡಿದ. ಬಸ್ ಕಡಿ ಹೋದ.

ಮಾರನೇ ದಿನ ಕಂಡಕ್ಟರ್ ಕೈಲಿ ಒಂದು ಸ್ಟೀಲ್ ಡಬ್ಬಿ ಬಂತು. ಒಳಗ ಕೆಂಪು ಅರಿಬ್ಯಾಗ ಕಟ್ಟಿದ ಎಲ್ಡು ಕೀ. ಮೊದ್ಲು ಡ್ರೈವರ್ ಹತ್ರ ಇದ್ದಿದ್ದು ತಗಂಡ್ನಿ. ಪೂರಾ ತೊಳದು, ಬಿಸಿ ಗಾಳಿ ಬಿಟ್ಟು ಒಣಗ್ಸಿ, ಸತ್ತಿದ್ದ ಕ್ರಿಸ್ಟಲ್ ಕಿತ್ತು, ಒಡದ ಹಳೇ ರಿಮೋಟಿನಾಗಿಂದು ತಗದು ಕೂರ್ಸಿದ್ನಿ. ಎಲ್ಡ ಸಲ ದಕ್ಕಲಿಲ್ಲ. ಮೂರ್ನೇ ಸಲ ನೋಡಿದ್ರ ಬೋರ್ಡಿನ ಒಂದು ತಾಮ್ರದ ಗೆರಿ ಕಿಲುಬಿಗೆ ತುಂಡಾಗೈತಿ. ಕೂದ್ಲಿನಂಥ ವಾಯರ್ ಹಾಕಿ ಜೋಡ್ಸಿದ್ನಿ. ದೀಪ ಹತ್ತಿತು.

ಆಮ್ಯಾಲ ಸ್ಪೇರ್ ಕೀ. ಇದಕ್ಕೇನು, ಸೆಲ್ ಹಾಕಿದ್ರ ಆತು ಅಂತ ಮುಚ್ಚಳ ತೆಗದ್ನಿ.

ಒಳಗ ಅದೇ ಹಸ್ರು. ಅದೇ ಬಿಳುಪು. ಅದೇ ಜಾಗದಾಗ.

ಇದು ಮನಿಯಾಗ ಇದ್ದ ಕೀ. ಕಾಲುವಿ ಕಂಡಿಲ್ಲ, ಡ್ರೈವರ್ ಕಿಸೇನೂ ಕಂಡಿಲ್ಲ. ಕನ್ನಡಿ ಹಿಡದು ನೋಡಿದ್ರ, ಬೋರ್ಡಿನ ಮ್ಯಾಲ ಒಂದು ಸಣ್ಣ ಕೆಂಪಿರುವಿ ಅಂಟ್ಕಂಡು ಸತ್ತಿತ್ತು. ಮೂಲ್ಯಾಗ ಇನ್ನೊಂದು.

ಕಾಲುವಿ ನೀರಿಗೆ ಇರುವಿ ಯಾಕ ಬರ್ತಾವು?

ಮುಚ್ಚಳದ ಸಂದಿಗೆ ಸೂಜಿ ಹಾಕಿ ಕೆರದ್ನಿ. ಕೆಂಪು ಪುಡಿ ಬಂತು. ಹತ್ತಿಗೆ ಸ್ಪಿರಿಟ್ ಹಚ್ಚಿ ಒರಸಿದ್ರ ಹತ್ತಿ ಕೆಂಪಾತು. ಕಂಪನಿ ಗುರ್ತಿನ ಮ್ಯಾಲ ಅಡ್ಡಕ್ಕ ಮೂರು ಬೂದಿ ಗೆರಿ, ಒಣಗಿ ಕೂತಿದ್ವು. ಕಟ್ಟಿದ್ದ ಅರಿಬಿ ಮೂಗಿಗೆ ಹಿಡದ್ನಿ. ಕರ್ಪೂರದ ವಾಸ್ನಿ.

ಪೂಜಿ. ಅಮಾಸಿಗೊಮ್ಮೆ ಕುಂಕುಮ, ಇಬೂತಿ, ಮ್ಯಾಲ ಕಾಯಿನೀರು. ಸಿಹಿಗೆ ಇರುವಿ ಬಂದಾವ. ಆ ಜಿಗಟು ಕುರುಗೋಡಿನಾಗ ನನ್ನ ಬೆರಳಿಗೆ ಹತ್ತಿತ್ತು. ನಾ ಒರಸ್ಕಂಡು "ನೀರು" ಅಂದ್ನಿ.

ನಮ್ಮ ಮನ್ಯಾಗೂ ಬೈಕಿಗೆ ಅಮಾಸಿ ಪೂಜಿ ಮಾಡ್ತಾರ. ಬೈಕಿನ ಕೀಗೆ ಕುಂಕುಮ ಹಚ್ತೀನಿ ನಾನ. ಕಬ್ಬಿಣದ ಕೀ, ಏನಾಕ್ಕೈತಿ ಅದಕ್ಕ? ಹಂಗಾಗಿ ತಲಿಗೇ ಬರ್ಲಿಲ್ಲ.

ಪಕ್ಕದ ಬೆಲ್ಟ್ ಅಂಗಡಿ ಅಣ್ಣಾಗ ತೋರ್ಸಿದ್ನಿ. ಅಂವ ಇರುವಿ ನೋಡಿ ನಕ್ಕ. "ಎಲ್ಡೂ ರೆಡಿ ಮಾಡಿ ಬಸ್ಸಿಗೆ ಹಾಕಲೇ. ಕೀ ನಡದ್ರ ಆತಲ್ಲ. ಸಾವ್ಕಾರ್ರ ತಾಯಿ ಪೂಜಿ ತಪ್ಪು ಅಂತ ಹೇಳಾಕ ಹೊಕ್ಕೀಯೇನು? ಹೊಡ್ಸಿಕ್ಯಂಡು ಬರ್ತಿ."

ಅಂವ ಅಂದಿದ್ದು ಸುಳ್ಳಲ್ಲ. ಸುಮ್ನಿದ್ರ ಯಾರಿಗೂ ಗೊತ್ತಾಗಂಗಿಲ್ಲ. ಸ್ಪೇರ್ ಕೀ ರಿಪೇರಿಗೆ ಸೋಲ್ಡರಿಂಗ್ ಕಡ್ಡಿ ಕಾಸಾಕ ಇಟ್ನಿ. ಕಾದು ರೆಡಿ ಆತು. ಮುಟ್ಟಾಕ ಮನಸ್ಸು ಬರ್ಲಿಲ್ಲ. ಇದನ್ನ ತೊಳದ್ರ ಆ ಇರುವಿ ಹೊಕ್ಕಾವ. ಡ್ರೈವರಿಗೆ ಇರೋ ಸಾಕ್ಷಿ ಅವ ಎಲ್ಡ ಇರುವಿ.

ಫೋನಿನಾಗ ಹೇಳಾಣಂದ್ರ, ನಾಕು ಮಂದಿ ಮುಂದ ಆಡಿದ ಮಾತು ಫೋನಿನಾಗ ವಾಪಸ್ ತಗಳಾಕ ಆಕ್ಕೈತೇನು? ಕಡ್ಡಿ ಆರ್ಸಿದ್ನಿ. ಸ್ಪೇರ್ ಕೀ ತೆರದಿದ್ದು ತೆರದಂಗ, ರಿಪೇರಿ ಆದ ಕೀ, ಭೂತಗನ್ನಡಿ, ಸೂಜಿ ಡಬ್ಬ್ಯಾಗ ಇಟ್ಟು, ಶಟರ್ ಎಳದು, ಸಿರುಗುಪ್ಪದ ಬಸ್ ಹತ್ತಿದ್ನಿ. ದಾರಿಗುಂಟ ಏನು ಹೇಳ್ಬೇಕು ಅಂತ ಕೂಡ್ಸಿದ್ನಿ, ಬಸ್ ಇಳಿಯೋ ಹೊತ್ತಿಗೆ ಎಲ್ಲಾ ಮರ್ತಿತ್ತು.

ಮಿಲ್ಲಿನ ಬಾಜೂಕನ ಮನಿ. ಬೇಯ್ಸಿದ ಬತ್ತದ ವಾಸ್ನಿ ಪಡಸಾಲಿತನ ಬರ್ತಿತ್ತು. ಸಾವ್ಕಾರ್ರು ಮೊಬೈಲ್ ನೋಡ್ಕಂತ ಕುಂತಿದ್ರು.

"ಬಸ್ಸಿಗೆ ಹಾಕ್ಬೇಕಿತ್ತಲ್ಲಪ್ಪಾ. ನೀನ ಬಂದಿ?"

"ನಾ ಹೇಳಿದ್ದು ತಪ್ಪಾಗೈತ್ರಿ. ಅದಕ್ಕ ಬಂದ್ನಿ," ಅಂದು ಡಬ್ಬಿ ತೆಗದು ಮುಂದಿಟ್ನಿ. "ಈ ಸ್ಪೇರ್ ಕೀ ಡ್ರೈವರ್ ಕೈಗೆ ಕೊಟ್ಟೀರೇನ್ರಿ ಯಾವಾಗರ?"

"ಇಲ್ಲ. ದ್ಯಾವ್ರ ಜಗಲಿ ಮ್ಯಾಲ ಇರ್ತೈತಿ."

"ಮತ್ತ ಇದರಾಗೂ ಅದ ಕಿಲುಬು ಐತಿ. ನೋಡ್ರಿ. ಇರುವಿ ಸತ್ತಾವ. ಇದು ಕಾಲುವಿ ನೀರಲ್ರಿ. ಕಾಯಿನೀರು."

ಅವರು ಕನ್ನಡಿ ಇಸ್ಕಂಡು ನೋಡಿದ್ರು. ಬಾಳ ಹೊತ್ತು ನೋಡಿದ್ರು. ಆಮ್ಯಾಲ ಒಳಗಿನ ಬಾಗ್ಲ ಕಡಿ ಕಣ್ಣು ಹೋತು. ದನಿ ಇಳ್ಸಿದ್ರು. "ಮೆಲ್ಲಕ ಮಾತಾಡು. ಅವ್ವ ಒಳಗದಾಳ. ಗೊತ್ತಾದ್ರ ಮನಸಿಗೆ ಹಚ್ಕಂತಾಳ. ಡ್ರೈವರ್ನ ನಾ ಕರಸ್ಕಂತೀನಿ, ಏನೋ ಒಂದು ಹೇಳಿ."

ನಾ ಅಲ್ಲಿಗೆ ಬಿಟ್ಟು ಬರಬೌದಿತ್ತು. ಅವನ ಕೆಲಸ ವಾಪಸ್ ಬರ್ತಿತ್ತು.

"ಏನೋ ಒಂದು ಅಂದ್ರ ಏನ್ರಿ? ಹೋಗ್ಲಿ ಬಾ ಅಂತೀರಿ. ಅಂವ ಸುಳ್ಳ ಹೇಳಿದ ಅನ್ನೋದು ಹಂಗ ಉಳೀತೈತಿ. ಅಂವ ಹೇಳಿದ್ದು ಖರೇವ ರಿ." ನನ್ನ ದನಿ ಏರಿತ್ತು.

"ಯಾರು ಏನು ಸುಳ್ಳ ಹೇಳಿದ್ರು?"

ಬಾಗ್ಲಾಗ ಅವ್ವಾರು ನಿಂತಿದ್ರು. ಸಾವ್ಕಾರ್ರು ನನ್ನ ಕಡಿ ಕಣ್ಣು ಬಿಟ್ರು. ನನಗ ಸುತ್ತಿ ಬಳಸಿ ಹೇಳಾಕ ಬರಂಗಿಲ್ಲ. "ಅವ್ವಾರ, ಈ ಕೀಗೆ ಪೂಜಿ ಮಾಡ್ತೀರೇನ್ರಿ?" ಅಂದ್ನಿ.

"ಮಾಡ್ದಂಗ ಬಿಡ್ತಾರೇನಪ್ಪಾ? ಅಮಾಸಿ ಸಂಜಿಕ ಆ ಡ್ರೈವರ್ ಹುಡುಗ ಕಾರ್ ತೊಳದು ಕೀಲಿಕೈ ಒಳಗ ಕೊಡ್ತಾನ. ಅವನು ಹೊರಗ ಹೂವಿನ ಹಾರ ಕಟ್ಟಾಗ ನಾ ಒಳಗ ಎಲ್ಡಕ್ಕೂ ಮಾಡ್ತೀನಿ. ಕಾಯಿ ಒಡದು ನೀರು ಹಾಕಿ, ಕುಂಕುಮ ಇಬೂತಿ ಹಚ್ಚಿ, ಅವನದನ್ನ ಅರಿಬಿಲೆ ಒರಸಿ ಕೊಡ್ತೀನಿ. ಅದ್ಯಾವ ಕೀಲಿಕೈಯೋ, ಸಾಬಾನಿದ್ದಂಗ ಐತಿ."

"ಆ ನೀರು ಒಳಗ ಇಳದು ಕೆಟ್ಟೈತ್ರಿ."

ಅವ್ವಾರು ಬಂದು ಕುಂತ್ರು. ಕನ್ನಡಿ ಕೊಟ್ನಿ, ಎಲ್ಲಿ ನೋಡ್ಬೇಕು ಅಂತ ಸೂಜಿಲೆ ತೋರ್ಸಿದ್ನಿ. ತಮ್ಮ ಕುಂಕುಮ ತಾವ ನೋಡಿದ್ರು.

"ಇದಕ್ಕೇನಲೇ ಆ ಹುಡುಗನ್ನ ಬಿಡ್ಸಿದ್ದು?" ಮಗನ್ನ ಕೇಳಿದ್ರು. ಸಾವ್ಕಾರ್ರು ನೆಲ ನೋಡಿದ್ರು. "ಕುರುಗೋಡಿನಾಗ ಕಟ್ಟಿ ಮ್ಯಾಲ ಕುಂತಿದ್ನಿ ನಾನು. ನೀವು ಅಲ್ಲಿ ಗಿಡದ ಕೆಳಗ ಏನು ಮಾತಾಡಿದ್ರೋ, ನನಗ ಕಿವಿ ಮಂದ. ಒಬ್ರಾದ್ರೂ ನನ್ನ ಹತ್ರ ಬಂದು ಕೇಳಿದ್ರೇನು? ಕೇಳಿದ್ರ ಅವತ್ತ ಹೇಳ್ತಿದ್ನಿ."

ಈ ಮಾತು ಮಗಗ ಹೆಂಗೋ ನನಗೂ ಹಂಗ ತಾಗ್ತು.

"ಮಾಡಬ್ಯಾಡ ಅಂತೀಯೇನಪ್ಪಾ ಪೂಜಿ?" ಸಿಟ್ಟಿರ್ಲಿಲ್ಲ ಆ ದನ್ಯಾಗ. ಖರೇವ ಕೇಳಿದ್ರು.

ನಾ ರಿಪೇರಿ ಆದ ಕೀ ತಗಂಡು ಬದಿಗಿನ ಸಣ್ಣ ಗುಬಟಿ ಒತ್ತಿ, ಒಳಗಿಂದ ಕಬ್ಬಿಣದ ಕೀ ಎಳದು ಅವರ ಅಂಗೈಯಾಗ ಇಟ್ನಿ. "ಕೀಲಿಕೈ ಇದು ರಿ ಅವ್ವಾರ. ಇದನ್ನ ತೆಗದು ಇದಕ್ಕ ಎಷ್ಟು ಬೇಕೋ ಅಷ್ಟು ಕಾಯಿನೀರು ಹಾಕ್ರಿ. ಒರಸಿ ಒಣಗ್ಸಿ ಮತ್ತ ಒಳಗ ಸೇರ್ಸಿದ್ರ ಆತು. ಈ ಸಾಬಾನಿಗೆ ಮಾತ್ರ ಬ್ಯಾಡ."

ಅವ್ವಾರು ಅದನ್ನ ಹೊಳ್ಳಿಸಿ ಹೊಳ್ಳಿಸಿ ನೋಡಿದ್ರು. "ಒಳಗ ಇತ್ತೇನು ಇದು! ಇಷ್ಟು ದಿನ ಯಾರೂ ಹೇಳ್ಲಿಲ್ಲ ನೋಡು," ಅಂದು ಮಾರಿ ಅಗಲ ಮಾಡಿದ್ರು. ಮರುಗಳಿಗಿಗೆ ಎದ್ರು. "ನಡೀಲೇ. ಆ ಹುಡುಗನ ಮನಿಗೆ ನಡಿ."

ಕಾಂಪೌಂಡಿನ ಆ ಕೊನಿಗೆ ಖೋಲಿ. ಅವ್ವಾರು ಮುಂದ, ಮಗ ಹಿಂದ, ನಾ ಅವರ ಹಿಂದ. ಬಾಗ್ಲಾಗ ಡ್ರೈವರ್ ಹೆಂಡ್ತಿ ಬೋಗಾಣಿಗಳನ್ನ ಚೀಲಕ್ಕ ತುಂಬಾಕತ್ತಿದ್ಳು. ಅಂವ ಫ್ಯಾನ್ ಬಿಚ್ಚಾಕ ಸ್ಟೂಲ್ ಹತ್ತಿದ್ದ. ನಮ್ಮನ್ನ ನೋಡಿ ಇಳದ.

ಅವ್ವಾರು ಕೀ ಮುಂದ ಹಿಡುದ್ರು. "ತಗಾ ಎಪ್ಪಾ. ನನ್ನ ಕೈಯಾಗ ಕೆಟ್ಟಿತ್ತು. ಕಾಯಿನೀರು ಹಾಕಿದ್ನಿ."

ಅಂವ ಕೈ ಚಾಚ್ಲಿಲ್ಲ. ಸಾವ್ಕಾರ್ರನ್ನ ನೋಡಿದ.

"ನಾಳೆ ಆರಕ್ಕ ಬಾ," ಅಂದ್ರು ಸಾವ್ಕಾರ್ರು.

ಆದ್ರೂ ಕೈ ಚಾಚ್ಲಿಲ್ಲ. "ನಾ ನೀರಾಗ ಬೀಳ್ಸಿಲ್ರಿ," ಅಂದ. ಕುರುಗೋಡಿನಾಗ ಅಂದಂಗ ಅಂದ, ಅಷ್ಟ ದನಿ.

ಹೆಂಡ್ತಿ ಬೋಗಾಣಿ ಕೆಳಗಿಟ್ಳು. ಅವ್ವಾರು ಮಗನ್ನ ನೋಡಿದ್ರು. ಸಾವ್ಕಾರ್ರು ಒಮ್ಮೆ ಗಂಟ್ಲು ಸರಿ ಮಾಡ್ಕಂಡ್ರು.

"ಬೀಳ್ಸಿಲ್ಲ," ಅಂದ್ರು. "ನಂದ ತಪ್ಪಾತು."

ಆವಾಗ ಕೀ ತಗಂಡ. ಅಲ್ಲಿಂದಾನ ಒತ್ತಿದ. ದೂರದಾಗ ಕಾರು ಕುಂಯ್ ಅಂತು.

ಸಾವ್ಕಾರ್ರು ನನ್ನ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಾ ಅಂತ ಅವಗ ಹೇಳಿದ್ರು. ಸ್ಪೇರ್ ಕೀ ಡಬ್ಬಿ ತೊಡಿ ಮ್ಯಾಲ ಇಟ್ಕಂಡು ಮುಂದಿನ ಸೀಟಿನಾಗ ಕುಂತ್ನಿ. ಅದನ್ನ ಇನ್ನ ರಿಪೇರಿ ಮಾಡಬೇಕಿತ್ತು. ಬಸ್‌ಸ್ಟ್ಯಾಂಡ್ ಮುಂದ ಗಾಡಿ ನಿಲ್ಸಿ, ಎದುರಿಗೆ ನೋಡ್ಕಂತ ಅಂದ.

"ತಮ್ಮಾ, ನೀ ಬಂದಿದ್ದು ಚಲೋ ಆತು. ಆದ್ರ ಅವತ್ತು ಎಲ್ಡ ಮಿನಿಟ್ ಸುಮ್ನಿದ್ರ ಆಗ್ತಿತ್ತು."

"ಹೌದಣ್ಣಾ," ಅಂದ್ನಿ.

ಇಳದು ಬಾಗ್ಲ ಹಾಕಿದ್ನಿ. ಬಸ್ ಬರೋತನ ಅಂವ ಹೋಗ್ಲಿಲ್ಲ. ಅಲ್ಲೇ ಗಾಡಿ ಹಚ್ಕಂಡು ನಿಂತಿದ್ದ.